ಸೂತಕದ ಗಡ್ಡ

ರಾಡೋವಾನ್, ನಿನ್ನ ಗಡ್ಡದ ಮೇಲೆ ನನಗೆ ಸಿಟ್ಟಿಲ್ಲ.
ಅಪ್ಪ ಹೋಗಿ ಹನ್ನೊಂದು ದಿನ. ನಿಮ್ಮ ಲೀಕಾದ ಕಡೆ
ನಲವತ್ತಾಗುವ ತನಕ ಕತ್ತಿ ತಾಗಿಸುವುದಿಲ್ಲ, ಬಲ್ಲೆ.
ಆದರೆ ಮುಖಗವಸಿಗೆ ಸೂತಕ ತಿಳಿಯದು.
ಒಂದು ಕೂದಲ ಸಂದು ಸಾಕು,
ವಿಷ ಯಾರನ್ನೂ ದಾರಿ ಕೇಳುವುದಿಲ್ಲ.

ಇಲ್ಲೇ ಕೂರು, ಟ್ಯಾಂಕಿನ ಬಾಯಲ್ಲಿ.
ಒಳಹೋದವರ ಹೆಸರು ಹಲಗೆಯಲ್ಲಿ ಬರೆ:
ಝ್ಲಾಟ್ಕೊ, ಎನೆಸ್, ನಾನು.
ಹೊರಬಂದ ಮೇಲೆ ಒರೆಸು.
ಗಾಳಿಯಂತ್ರದ ದನಿ ಬದಲಾದರೆ ಕೂಗು,
ಹಗ್ಗ ಎರಡು ಸಲ ಜಗ್ಗಿದರೆ ಸೈರನ್ ಒತ್ತು.
ನೀನು ಮಾತ್ರ ಇಳಿಯಬೇಡ.
ಎರಡನೆಯ ಹೆಣ ಯಾವಾಗಲೂ
ಮೊದಲನೆಯದನ್ನು ಎತ್ತಲು ಇಳಿದವನದ್ದು.

ಕೂತಲ್ಲೇ ಕಲಿ. ಉಕ್ಕೂ ಬೆವರುತ್ತದೆ, ಗೊತ್ತೆ?
ರಿಯೇಕಾದಲ್ಲಿ ಯೂಗೊ ಗಾಳಿ ಬೀಸಿದ ಬೆಳಗ್ಗೆ
ಅಂಗೈಗೆ ಒಣಗಿದ ತಗಡು ಸುಳ್ಳು ಹೇಳುತ್ತದೆ.
ಮಾಪಕ ಇಟ್ಟು ನೋಡು:
ಇಬ್ಬನಿ ಕೂರುವ ಬಿಸುಪಿಗಿಂತ ಮೂರು ಡಿಗ್ರಿ ಮೇಲಿಲ್ಲವೋ,
ಕಾಫಿ ಕುಡಿ, ಬಣ್ಣ ಮುಟ್ಟಬೇಡ.
ಬೆಸುಗೆ, ಮೂಲೆ, ಅಂಚು ಮೊದಲು ಕುಂಚಕ್ಕೆ.
ಅಂಚಿನಿಂದ ಬಣ್ಣ ಜಾರಿಕೊಳ್ಳುತ್ತದೆ,
ತುಕ್ಕು ಅಲ್ಲೇ ಹೊಂಚಿ ಕೂತಿರುತ್ತದೆ.
ಆಮೇಲೆ ಗನ್ನು. ಗೋಡೆಗೆ ನೇರ, ಒಂದೂವರೆ ಗೇಣು ದೂರ.
ಮಣಿಕಟ್ಟು ಬೀಸಬೇಡ, ಇಡೀ ತೋಳು ನಡೆಯಲಿ.
ಕೈ ಹೊರಟ ಮೇಲೆ ಒತ್ತು, ನಿಲ್ಲುವ ಮೊದಲೇ ಬಿಡು.
ಹಿಂದಿನ ಪಟ್ಟಿಯ ಅರ್ಧ ಮುಚ್ಚಿ ಮುಂದಿನದು,
ಮಾಡಿಗೆ ಹಂಚು ಹೊದಿಸಿದ ಹಾಗೆ.

ಆಗಿನಿಂದ ಕೈಯನ್ನೇ ನೋಡುತ್ತಿದ್ದೀಯ. ಕೇಳಿಬಿಡು.
ನಳಿಗೆ ಕಟ್ಟಿಕೊಂಡಿತ್ತು. ಒತ್ತಡ ಇಳಿಸದೆ
ತೋರುಬೆರಳಲ್ಲಿ ಒರೆಸಲು ಹೋದೆ.
ಸೊಳ್ಳೆ ಕಚ್ಚಿದಷ್ಟೇ ಚುಕ್ಕೆ. ರಕ್ತವಿಲ್ಲ, ನೋವೂ ಇಲ್ಲ.
ಝ್ಲಾಟ್ಕೊಗೆ ತೋರಿಸಿ ನಕ್ಕು
ಸಾರ್ಡೀನು, ರೊಟ್ಟಿ ತಿಂದೆ.
ರಾತ್ರಿ, ಬೆರಳು ಬದನೆಯಾದ ಮೇಲೆ,
ಡಾಕ್ಟರು ಕೇಳಿದರು: ಯಾವ ಬಣ್ಣ?
ಬೂದು, ಅಂದೆ.
ಅವರು ಕೇಳಿದ್ದು ಅದನ್ನಲ್ಲ.

ಇನ್ನು ಇಪ್ಪತ್ತೊಂಬತ್ತು ದಿನ.
ನಲವತ್ತೊಂದರ ಬೆಳಗ್ಗೆ ಬೇಗ ಬಾ,
ಕನ್ನಡಿ ನನ್ನಲ್ಲಿದೆ, ಬ್ಲೇಡು ನೀನೇ ತಾ.
ಗವಸು ತೊಟ್ಟ ಮುಖದೆದುರು
ಬಾಳೆಹಣ್ಣಿನ ಎಣ್ಣೆ ಹಿಡಿಯುತ್ತೇನೆ.
ಹಣ್ಣಿನ ವಾಸನೆ ಬಂತೆ, ಪಟ್ಟಿ ಮತ್ತೆ ಬಿಗಿ.
ಏನೂ ಬರಲಿಲ್ಲವೆ, ಇಳಿ ನನ್ನ ಹಿಂದೆ.

ಅಲ್ಲಿಯವರೆಗೆ ಹಲಗೆ ನಿನ್ನದು.
ಸೀಮೆಸುಣ್ಣ ತಗೋ. ನೆವೆಂಕಾ ಅಂತ ಬರೆ.
ದೊಡ್ಡದಾಗಿ ಬರೆಯೋ,
ಮರೆಯುವಂಥ ಹೆಸರಲ್ಲ ಅದು.