ಷರಾ-2

ಟ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದಾಗ
ಹಿಂದೆಲ್ಲ ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರಂತೆ,
ಹಿಡಿದುಕೊಂಡು ಮನೆ ಸೇರಲಿ ಅಂತ.
ಹಗ್ಗವನ್ನೇ ಬದಲಿಸಬೇಕಾದ ದಿನ ಏನು ಮಾಡುತ್ತಿದ್ದರು?
ತುಲ್ಲಿಯೊನನ್ನು ಕೇಳಿದೆ. ಕಾಫಿ ಕಲಕುತ್ತ
"ಗಾಳಿ ನಿಲ್ಲೋವರೆಗೆ ಕಾಯ್ತಿದ್ದರು" ಅಂದ.
ನಮ್ಮ ಗಾಳಿ ನಿಲ್ಲುವುದಿಲ್ಲ, ತುಲ್ಲಿಯೊ.

ಸಾವಿರದ ಒಂಬೈನೂರ ಹದಿನಾಲ್ಕು ಮನೆಗಳಿಗೆ
ಆಮ್ಲಜನಕ ಕಳಿಸುವವರು ನಾವು.
ಸಿಲಿಂಡರ್ ಕೇಳಿದವರು, ವೈದ್ಯರ ಸಹಿ ಬಾಕಿಯಿರುವವರು,
ಗಾಡಿ ಹೊರಟಿದೆ, ಬಂದಿಲ್ಲ ಎಂದು ಕಿಟಕಿಯಲ್ಲಿರುವವರು,
ಒಬ್ಬೊಬ್ಬರು ಒಂದೊಂದು ಮೆಟ್ಟಿಲ ಮೇಲೆ ನಿಂತಿರುವಾಗಲೇ
ಮೆಟ್ಟಿಲು ಬದಲಿಸಬೇಕು.
ಶನಿವಾರ, ರಾತ್ರಿ ಹನ್ನೊಂದಕ್ಕೆ.

ಹೊಸ ಮಾದರಿಯ ನಕ್ಷೆ ಚೊಕ್ಕ.
ಹಳೆಯದರ ಒಂದು ಕಾಲಂಗೆ ಮಾತ್ರ ಕೆಂಪು ಗೆರೆ:
ಷರಾ-2. ಬಳಕೆಯಲ್ಲಿಲ್ಲ. ತೆಗೆಯಿರಿ.

ತೆಗೆಯುವ ಮುಂಚೆ ಎಣಿಸುವುದು ನನ್ನ ಚಾಳಿ.
ಆರುನೂರ ಹನ್ನೊಂದು ಸಾಲು ಖಾಲಿಯಿರಲಿಲ್ಲ.

ಲಿಫ್ಟ್ ಕೆಟ್ಟಿದೆ, ಬೇಕರಿಯಲ್ಲಿ ಕೊಡಿ, ಮಗ ಹೊತ್ತೊಯ್ಯುತ್ತಾನೆ.
ಗಂಟೆ ಒತ್ತಬೇಡಿ, ಗಿಣಿ ಹೆದರುತ್ತದೆ.
ನಾಲ್ಕರ ಮೇಲೆ ಹೋಗಿ. ಅಲ್ಲಿಯವರೆಗೆ ಅಳುತ್ತಿರುತ್ತಾರೆ.
ಸಿಗರೇಟಿನ ವಾಸನೆ ಬಂದರೆ ಹೇಳಿ, ನಾನು ಬೈಯುತ್ತೇನೆ. ಜೋ. ಪೆ.

ಜೋರಾ ಪೆರ್ತೊತ್. ನಿವೃತ್ತಳಾಗಿ ಆರು ವರ್ಷ.
ನಮೂನೆಯಲ್ಲಿ ಜಾಗವಿಲ್ಲದ್ದನ್ನೆಲ್ಲ
ಇಲ್ಲಿ ಗಂಟು ಕಟ್ಟಿಟ್ಟು ಹೋಗಿದ್ದಾಳೆ.

ಮೊದಲು ನಕಲಿನ ಮೇಲೆ ತಾಲೀಮು.
ಹೊಸ ಕಾಲಂ ಹಳೆಯದರ ಪಕ್ಕದಲ್ಲಿ, ಬದಲಿಗಲ್ಲ.
ಎಲ್ಲ ಹಸಿರು. ತುಲ್ಲಿಯೊ ಕೋಟು ಹಾಕಿಕೊಂಡ.
ನಾನು ಕಣ್ಣಿಟ್ಟು ಓದುತ್ತ ಹೋದೆ, ನಾನೂರ ಎರಡನೇ ಸಾಲು:
ಅಂಗಳದ ಕರಿ ನಾಯಿ ಬೊಗಳುತ್ತದೆ, ಆದರೆ

ಅಷ್ಟೇ.
ಆದರೆ ಏನು?
ಹೊಸ ಕಾಲಂ ಗಿಡ್ಡ. ಮೂವತ್ತೆರಡು ಅಕ್ಷರಕ್ಕೆ ಕತ್ತರಿ.
ಹಳೆಯದರಲ್ಲಿ ಹುಡುಕಿದೆ: ಕಚ್ಚುವುದಿಲ್ಲ.

ಆ ಒಂದು ಪದ ಬಿದ್ದುಹೋಗಿದ್ದರೆ
ಯಾವನೋ ಹೊಸ ಡ್ರೈವರ್ ಗೇಟಿನಿಂದಲೇ ಹಿಂದಿರುಗುತ್ತಿದ್ದ,
ಒಳಗೆ ಯಾರದೋ ಉಸಿರು ಕೊಳವೆಯ ತುದಿಯಲ್ಲಿ ಕೂತು
ಗಾಡಿಯ ಸದ್ದು ಸಣ್ಣಗಾಗುವುದನ್ನು ಆಲಿಸುತ್ತಿತ್ತು.

ಎರಡನೇ ತಾಲೀಮು. ಮೂರನೇ ತಾಲೀಮು.
ಬರೆಯುವಾಗ ಎರಡೂ ಕಡೆ ಬರೆ, ಓದುವಾಗ ಹಳೆಯದನ್ನೇ ಓದು,
ಹೋಲಿಸು, ಮತ್ತೆ ಹೋಲಿಸು,
ಆಮೇಲೆ ಓದುವ ಕಣ್ಣನ್ನು ಮೆಲ್ಲಗೆ ಈಚೆ ಹೊರಳಿಸು.
ಹಿಂದಿರುಗುವ ದಾರಿಗೆ ಬೇಲಿ ಹಾಕಬೇಡ.
ಇದರಲ್ಲಿ ಜಾಣತನವೇನಿಲ್ಲ. ಕೂತ ಕೊಂಬೆ ಕಡಿಯುವ ಮುಂಚೆ
ಇನ್ನೊಂದರ ಮೇಲೆ ಕಾಲಿಟ್ಟು ಜೀಕಿ ನೋಡುವುದು.

ಬೆಳಗಿನ ಮೂರಕ್ಕೆ ಒಂದೇ ಒಂದು ಸಾಲು
ದಾಟಲು ಒಪ್ಪಲಿಲ್ಲ.
ಎಂಟುನೂರ ಎಪ್ಪತ್ತು: ಸಿನ್ಯೋರಾ ಅಲ್ಬೀನಾ ಕ್ರೆವಾತಿನ್.
ರೋಗಿ ಒಬ್ಬರು, ಮಾಸ್ಕ್ ಎರಡು.
ಹೊಸ ನಿಯಮ: ತಲೆಗೊಂದೇ.
ಷರಾ-2: ಗಂಡ ತೀರಿಕೊಂಡರು. ಎರಡೇ ಬೇಕೆನ್ನುತ್ತಾರೆ. ಕೊಡಿ. ಏನೂ ಕೇಳಬೇಡಿ.

"ತಪ್ಪು ಡೇಟಾ" ಅಂದ ತುಲ್ಲಿಯೊ.
"ಎರಡನ್ನು ಒಂದು ಮಾಡು, ಯಾಸ್ನಾ. ಮಲಗೋಣ."
ಬೆರಳು ಕೀಲಿಯ ಮೇಲಿತ್ತು.
ಎರಡನ್ನು ಒಂದು ಮಾಡಲು ಸಾವೇ
ನಾಲ್ಕು ಚಳಿಗಾಲ ಹೆಣಗಿ ಸೋತಿದೆ,
ನಾನು ಯಾರು?

ಹಳೆಯ ಆವೃತ್ತಿಯಲ್ಲೇ ಆಕೆಯನ್ನು ಬಿಟ್ಟೆ.
ಹೊಸಬರಿಗೆಲ್ಲ ಹೊಸ ದಾರಿ. ಹಳೆಯದು
ತನ್ನ ಕೊನೆಯ ಪ್ರಯಾಣಿಕಳು ಇಳಿಯುವವರೆಗೆ ತೆರೆದಿರುತ್ತದೆ.
ವರದಿಯಲ್ಲಿ: ದಾಟಿದ್ದು 1913. ಬಾಕಿ 1.
ಮುಗಿಸುವ ದಿನಾಂಕ ಎಂಬಲ್ಲಿ ಏನೂ ಬರೆಯಲಿಲ್ಲ.

ಸೋಮವಾರ ಯಾರಿಗೂ ಏನೂ ಗೊತ್ತಾಗಲಿಲ್ಲ.
ಅದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಕಸುಬಿನಲ್ಲಿಲ್ಲ.
ಮೇಲಧಿಕಾರಿ ಮಾತ್ರ: ಒಬ್ಬಳಿಗಾಗಿ ಒಂದಿಡೀ ಯಂತ್ರ ಓಡಬೇಕೇ?
ಓಡಲಿ ಅಂದೆ. ಕರೆಂಟು ಬಿಲ್ಲು ತೋರಿಸಿದರು. ನೋಡಿದೆ.
ಕಿಟಕಿಯಾಚೆ ಸಾನ್ ಜಾಕೊಮೊದ ಏರಿನಲ್ಲಿ ನಮ್ಮ ಬಿಳಿ ಗಾಡಿ
ಗಾಳಿಗೆ ವಾಲುತ್ತ ಹತ್ತುತ್ತಿತ್ತು.

ಸಂಜೆ ಜೋರಾಳಿಗೆ ಫೋನು ಮಾಡಿದೆ.
ಕಾಲಂ, ಆವೃತ್ತಿ, ತಾಲೀಮು, ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.
"ಗಿಣಿ ಇದೆಯಾ ಇನ್ನೂ?" ಅಂದಳು.
ಸಾಲು ಇದೆ, ಅಂದೆ.
"ನಾನು ಕೇಳಿದ್ದು ಗಿಣಿ."