ಗಾಳಿಯಿರಬೇಕು

ಮೊಣಕಾಲಿನ ಆಪರೇಷನ್ನಾಗಿ ಆರು ವಾರ ರಜೆ.
ಗ್ದೀನಿಯಾ ಬಂದರಿನ ಮೀನುಗೋದಾಮು
ನಾನಿಲ್ಲದೆಯೂ ರಾತ್ರಿ ಕಳೆಯುತ್ತಿದೆ.
ತಂಗಿಯ ಮಗಳು ಕಲೀನಾ
ತನ್ನ ಹಳೇ ಯಂತ್ರ ತಂದು ಟೀವಿಗೆ ಸಿಕ್ಕಿಸಿ
'ಗೋಡೆ ನೋಡುತ್ತ ಕೂರುವ ಬದಲು
ಕಳ್ಳತನ ಕಲಿ ಮಾಮಾ' ಅಂದಳು.
ಇಪ್ಪತ್ತಾರು ವರ್ಷದ ಕಾವಲುಗಾರನ ಕೈಗೆ
ಒಬ್ಬ ಕಳ್ಳನನ್ನು ಕೊಟ್ಟು
ಟ್ರಾಲಿಬಸ್ಸು ಹಿಡಿಯಲು ಓಡಿದಳು.

ಮೊದಲ ರಾತ್ರಿ ಪೊದೆಯಾಚೆ ಹೋಗಲೇ ಇಲ್ಲ.
ಬೂಟು ಕಲ್ಲಿನ ಮೇಲೆ ಬಿದ್ದರೆ ಒಂದು ಸದ್ದು,
ಹುಲ್ಲಿನ ಮೇಲೆ ಬಿದ್ದರೆ ಇನ್ನೊಂದು,
ಒಡೆದ ಗಾಜಿನ ಮೇಲೆ, ಅಲ್ಲಿಗೆ ಮುಗಿಯಿತು.
ಕಂದೀಲು ಓಡಿಬರುತ್ತದೆ, ಪರದೆ ಕೆಂಪಾಗುತ್ತದೆ,
ಮತ್ತೆ ಅದೇ ಪೊದೆ, ಅದೇ ಬೆಳದಿಂಗಳು,
ಅದೇ ನಾಯಿ ಅದೇ ಕಡೆ ಮುಖಮಾಡಿ.
ಒಂಬತ್ತು ಸಲ ಸತ್ತು
ಚಹಾ ಕಾಯಿಸಲು ಎದ್ದವನು
ನನ್ನದೇ ಅಡುಗೆಮನೆಗೆ ತುದಿಗಾಲಲ್ಲಿ ಹೋಗಿದ್ದೆ.
ಇನ್ನೂ ಹೊಲಿಗೆ ಬಿಚ್ಚದ ಮೊಣಕಾಲು ಬೈಯಿತು.

ಎರಡನೆಯ ರಾತ್ರಿ ತಿಳಿಯಿತು, ಬೆಳಕೇ ಹಗೆ.
ಇಷ್ಟು ವರ್ಷ ಒಂದು ಬಲ್ಬು ಹೋದರೆ
ಅರ್ಜಿ ಬರೆದವನು ನಾನು, ಮೂರು ಪ್ರತಿ, ಸಹಿ: ಬೋಗುಮಿಲ್.
ಈಗ ಕಲ್ಲೆಸೆದು ದೀಪ ಒಡೆಯುತ್ತೇನೆ,
ಒಡೆದಾಗ ಎಂಥದೋ ಖುಷಿ.
ಕತ್ತಲೆ ತೊಟ್ಟುಕೊಳ್ಳುವ ವಸ್ತುವೆಂದು
ಯಾರೂ ಹೇಳಿರಲಿಲ್ಲ.
ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ,
ಸುಳ್ಳು. ಅವನಷ್ಟು ಶ್ರದ್ಧೆಯಿಂದ
ನಾನು ಯಾವತ್ತೂ ಆ ಗೋದಾಮನ್ನು ನೋಡಿಲ್ಲ.

ಆದರೆ ಆ ಕಾವಲುಗಾರನ ಬಗ್ಗೆ ನನಗೆ ತಕರಾರಿದೆ.
ಹನ್ನೊಂದು ಎಣಿಸುವಷ್ಟರಲ್ಲಿ ತಿರುಗುತ್ತಾನೆ,
ಪ್ರತಿ ಸಲವೂ ಹನ್ನೊಂದೇ.
ಯಾರಯ್ಯಾ ಹಾಗೆ ಕಾಯುತ್ತಾರೆ?
ಎರಡು ಗಂಟೆಯ ಮೇಲೆ ಕಾಲು ತಾನಾಗಿ ಹೀಟರಿನತ್ತ ಎಳೆಯುತ್ತದೆ,
ಕಿಸೆಯಲ್ಲಿ ಸೂರ್ಯಕಾಂತಿ ಬೀಜವಿರುತ್ತದೆ,
ಸಂಜೆ ಹೆಂಡತಿ ಆಡಿದ ಮಾತಿಗೆ ಸರಿಯಾದ ಉತ್ತರ
ನಾಲ್ಕನೇ ಗೇಟಿನ ಹತ್ತಿರ ಹೊಳೆಯುತ್ತದೆ.
ಇವನಿಗೆ ಕೆಮ್ಮಿಲ್ಲ. ಉಚ್ಚೆ ಬರುವುದಿಲ್ಲ.

ಹಿಂದಿನಿಂದ ಹೋಗಿ ಕತ್ತು ಹಿಚುಕಲು
ಚೌಕದ ಗುಂಡಿ ಒತ್ತಬೇಕಂತೆ.
ಒತ್ತಲಿಲ್ಲ.
ಮಫ್ಲರಿಗೂ ಟೋಪಿಗೂ ನಡುವೆ ಎರಡು ಬೆರಳು ಜಾಗ,
ಚಳಿ ಒಳಹೋಗುವುದು ಅಲ್ಲಿಂದಲೇ.
ನನಗೆ ಗೊತ್ತು.

ಅಷ್ಟರಲ್ಲಿ ಕಾಲಿಗೆ ಬಕೀಟು ತಾಗಿತು.
ಅವನು ನಿಂತ. ಕಂದೀಲೆತ್ತಿದ.
ನಾನು ಅಲ್ಲಿ ಪೀಪಾಯಿಯ ಹಿಂದೆ,
ಇಲ್ಲಿ ಸೋಫಾದ ಮೇಲೆ, ಎರಡೂ ಕಡೆ ಉಸಿರು ಕಟ್ಟಿ.
'ಗಾಳಿಯಿರಬೇಕು' ಅಂದ.
ತಿರುಗಿ ಹೋದ.

ಫೋನಿನಲ್ಲಿ ಹೇಳಿದರೆ ಕಲೀನಾ ಬಿದ್ದುಬಿದ್ದು ನಕ್ಕಳು:
'ಎಲ್ಲ ಆಟದಲ್ಲೂ ಹೀಗೇ ಮಾಮಾ,
ಕಾವಲುಗಾರರು ಶುದ್ಧ ದಡ್ಡರು.'

ಅವಳಿಗೆ ಹೇಳಲಿಲ್ಲ,
ಒಂದು ಫೆಬ್ರವರಿ, ಸಮುದ್ರ ಅಂಚಿನಲ್ಲಿ ಹೆಪ್ಪುಗಟ್ಟಿದ ವರ್ಷ,
ಏಳನೇ ಶೆಡ್ಡಿನ ಹಿಂದೆ ಪೆಟ್ಟಿಗೆ ಜರುಗಿತ್ತು.
ಟಾರ್ಚು ಬಿಟ್ಟೆ. ಹಲಗೆಯ ಕೆಳಗೆ ಎರಡು ಬೂಟು,
ಹೆಂಗಸಿನವು, ಒಂದಕ್ಕೆ ಲೇಸಿಲ್ಲದೆ
ಬಲೆಯ ದಾರ ಸುತ್ತಿತ್ತು.
ಗಾಳಿ ಅವತ್ತು ಹೆಸರಿಗೂ ಇರಲಿಲ್ಲ,
ಹಡಗಿನ ಬಾವುಟಗಳೆಲ್ಲ ಜೋತುಬಿದ್ದಿದ್ದವು.
ನಾನು ಗಂಟಲು ಸರಿಮಾಡಿಕೊಂಡು
ಬೇಕಾದ್ದಕ್ಕಿಂತ ಗಟ್ಟಿಯಾಗಿ
'ಗಾಳಿಯಿರಬೇಕು' ಅಂದಿದ್ದೆ.
ಹೆರಿಂಗಿನ ಪೆಟ್ಟಿಗೆ ಒಂದು ಕಮ್ಮಿಯೆಂದು
ಸಂಬಳದಲ್ಲಿ ಹಿಡಿದರು.

ಇವತ್ತು ಮೂರನೆಯ ರಾತ್ರಿ.
ಮೊದಲ ಅಂಗಳವನ್ನೇ ಇನ್ನೂ ದಾಟಿಲ್ಲ.
ಪೀಪಾಯಿಯ ಹಿಂದೆ ಕೂತು ಅವನನ್ನೇ ನೋಡುತ್ತೇನೆ.
ಆ ಮಾತು ಆಡುವಾಗ ಅವನ ಕಣ್ಣು
ಒಂದು ಚಣ ನನ್ನ ಬೂಟಿನ ಮೇಲೆ ನಿಂತಿತೋ ಹೇಗೆ?
ತಿಳಿಯಲೆಂದು, ಬೇಕಂತಲೇ,
ಮತ್ತೆ ಬಕೀಟು ಒದೆಯುತ್ತೇನೆ.