ಎರಡನೇ ಬಾಟಲಿ

ತಟ್ಟೆಯ ಮೇಲೆ ಹದಿನಾರು ಬಿಲ್ಲೆ ಇಟ್ಟಿದ್ದೆ.
ಹದಿನಾರಕ್ಕೂ ಒತ್ತಿಕೊಂಡು ಹಸಿರು ಬೆಳೆದಿತ್ತು,
ಔಷಧಿಯ ನೆರಳಿಗೇ ಬಂದು ಕೂತ ಹಾಗೆ.
ರಿಜಿಸ್ಟರಿನಲ್ಲಿ ಆರ್, ಆರ್, ಆರ್ ಎಂದು
ಕೆಳಗಿನವರೆಗೂ ಬರೆದೆ.
ಕೊನೆಯ ಆರ್‌ಗೆ ಪೆನ್ನು ನಿಂತಿತು,
ಶಾಯಿ ಮುಗಿದು. ಬೇರೇನಕ್ಕೂ ಅಲ್ಲ.

ಬುಡನ್ ಸಾಬ್, ಐವತ್ತೆರಡು, ಮಂಡಕ್ಕಿ ಭಟ್ಟಿ.
ಕಾದ ಮರಳಿನ ಬಾಣಲೆ ಮಗುಚಿ
ಮೊಣಕಾಲಿಂದ ಪಾದದವರೆಗೆ.
ಬಟ್ಟೆ ಬಿಚ್ಚಿದರೆ ಹಸಿರು ಕೀವು,
ಹಳಸಿದ ದ್ರಾಕ್ಷಿಯ ವಾಸನೆ.
ಹೆಂಡತಿ ಮಾಬುನ್ನಿ ದಿನಾ ಕೇಳುತ್ತಾಳೆ:
"ಇದಕ್ಕಿಂತ ದೊಡ್ಡ ಇಂಜೆಕ್ಷನ್ ಇಲ್ಲೇನ್ರೀ?"
ದೊಡ್ಡವೆಲ್ಲ ಮುಗಿದವು ತಾಯಿ.
ಇನ್ನು ಸಣ್ಣದನ್ನೇ ಹುಡುಕಬೇಕು.

ಬೋರಯ್ಯ ಡಾಕ್ಟರು ದುರ್ಗದವರು.
"ಕೋಟೆ ಅಂದ್ಕೋಮ್ಮ," ಅಂದರು. "ಗೋಡೆ, ಬಾಗಿಲು,
ಒಳಗೆ ನುಗ್ಗೋ ಒಬ್ಬನೇ ಒಬ್ಬ..."
ದುರ್ಗದವರಿಗೆ ಎಲ್ಲವೂ ಕೋಟೆಯೇ.
ನನಗೆ ಬೇಕಾದದ್ದು ವಿಳಾಸ:
ಬ್ಯಾಕ್ಟೀರಿಯಾವನ್ನೇ ತಿನ್ನುವ ಈ ವೈರಸ್ಸು,
ಈ ಫೇಜು, ಸಿಗುವುದೆಲ್ಲಿ?
"ಅವು ಇರೋ ಕಡೆನೇ. ಹೊಲಸಲ್ಲಿ."

ಹೊಲಸಿನ ವಿಳಾಸ ನಮ್ಮ ಮನೆಯಲ್ಲೇ ಇತ್ತು.

ಅಪ್ಪ ದುಗ್ಗಪ್ಪ, ಮುನಿಸಿಪಾಲ್ಟಿ, ಮೂವತ್ತೊಂದು ವರ್ಷ.
ದಾವಣಗೆರೆ ಅವನಿಗೆ ಮುಚ್ಚಳಗಳ ಲೆಕ್ಕ:
ಪಿ.ಬಿ. ರಸ್ತೆಗೆ ಹದಿನಾಲ್ಕು,
ಮುಚ್ಚಿದ ಮಿಲ್ಲಿನ ಹಿಂದೆ ಏಳು, ಅದರಲ್ಲೊಂದು
ನಮ್ಮ ಚಿಕ್ಕಪ್ಪನನ್ನು ನುಂಗಿದ್ದು.
ಆ ಒಂದರ ಮುಂದೆ ಅವನು ಚಪ್ಪಲಿ ಬಿಡುತ್ತಾನೆ.

"ನಿನ್ನ ಓದ್ಸಿದ್ದು ಅಲ್ಲಿಂದ ದೂರ ಹೋಗ್ಲಿ ಅಂತ,"
ಅಂದ, ಬೀಡಿ ಆರಿಸಿ.
ಆಮೇಲೆ ಸಲಾಕೆ ತಂದ.
"ಆಸ್ಪತ್ರೆ ನೀರು, ಭಟ್ಟಿ ಓಣಿ ನೀರು ಕೂಡೋ ಜಾಗ
ತೋರಿಸ್ತೀನಿ ಬಾ. ಕೈಗವಸು ಹಾಕ್ಕೋ."
ಈ ಕೊನೆಯ ಮಾತನ್ನು ಮೂವತ್ತೊಂದು ವರ್ಷದಲ್ಲಿ
ಅವನಿಗೆ ಯಾರೂ ಹೇಳಿರಲಿಲ್ಲ.

ಬಾಟಲಿ ಇಳಿಬಿಟ್ಟೆ. ಹಗ್ಗ ಅವನ ಕೈಲಿ.

ಸೋಸಿದೆ, ಬ್ಯಾಕ್ಟೀರಿಯಾ ಕೂಡ ತೂರದ ಜರಡಿಯಲ್ಲಿ.
ಉಳಿದದ್ದು ನಲ್ಲಿ ನೀರಿಗಿಂತ ತಿಳಿ.
ಬುಡನ್ ಸಾಬರ ಹಸಿರನ್ನು ತಟ್ಟೆ ತುಂಬ ಹಾಸಿ
ಮೇಲೆ ಬಿಟ್ಟೆ ಹನಿ.
ಏನೂ ಆಗಲಿಲ್ಲ.
ಎಲ್ಲ ಬೀಗಕ್ಕೂ ಎಲ್ಲ ಕೀಲಿ ಕೂಡುವುದಿಲ್ಲ.

ಅಪ್ಪ ಏನೂ ಕೇಳಲಿಲ್ಲ. ಮರುದಿನ
ಮಿಲ್ಲಿನ ಹಿಂದೆ ಕರೆದುಕೊಂಡು ಹೋದ.
ಚಪ್ಪಲಿ ಬಿಟ್ಟ. ನಾನೂ ಬಿಟ್ಟೆ.

ಅದರ ಮರುದಿನ ಬೆಳಿಗ್ಗೆ ಏಳೂಕಾಲು.
ಹಸಿರಿನಲ್ಲಿ ತೂತು,
ಸಣ್ಣ, ದುಂಡನೆ, ಬೆಳಕು ಹಾಯುವಂಥವು.
ನಲವತ್ತಮೂರು. ಮತ್ತೆ ಎಣಿಸಿದೆ. ನಲವತ್ತಮೂರೇ.
ಮಾತ್ರ ಲ್ಯಾಬಿನಲ್ಲಿ ಅಳುವಂತಿಲ್ಲ,
ಕನ್ನಡಕ ಮಂಜಾಗುತ್ತದೆ.

ನನಗೆ ಕಂಡದ್ದು ಕೋಟೆಯಲ್ಲ, ಭಟ್ಟಿ.
ಕಾಳಿನೊಳಗೆ ಒಂದು ಹೊಕ್ಕು, ನೂರಾಗಿ,
ಅದರದೇ ಕಿಣ್ವ ಸಿಪ್ಪೆಯ ಹೊಲಿಗೆ ಬಿಚ್ಚಿ
ಚಟ್ಟನೆ ಒಳಗಿಂದ ಬಿರಿಯುವುದು.
ಬುಡನ್ ಸಾಬರಿಗೆ ಹೀಗೇ ಹೇಳಿದೆ.
ಅಷ್ಟು ನೋವಿನಲ್ಲೂ ಕಸುಬಿನ ಪ್ರಶ್ನೆ:
"ಮರಳು ಎಷ್ಟು ಕಾಯ್ಬೇಕವ್ವ ಅದಕ್ಕೆ?"
"ಮೈ ಶಾಖ ಸಾಕು, ಚಾಚಾ."

ತೊಳೆದು, ಬೆಳೆಸಿ, ಮತ್ತೆ ತೊಳೆದು,
ಸಮಿತಿಯ ಸಹಿಗೆ ಹನ್ನೊಂದು ದಿನ.
"ಚರಂಡಿದೇ ಬೇಕಾ?" ಎಂದರಂತೆ ಒಬ್ಬರು.
ಅಷ್ಟರಲ್ಲಿ ಕಾಲಿನ ಎರಡು ಬೆರಳು ಹೋದವು.

ಹಚ್ಚಿದ ನಾಲ್ಕನೇ ದಿನ
ಬಟ್ಟೆ ಬಿಚ್ಚಿದ ಸಿಸ್ಟರು ಮೂಗು ಮುಚ್ಚಲಿಲ್ಲ.
ಮಾಬುನ್ನಿ ಕೇಳಿದಳು: "ಯಾವೂರಿಂದ ತರಿಸಿದ್ರಿ?"
ಇದೇ ಊರು, ಅಂದೆ.
ನಂಬಲಿಲ್ಲ. ಬಾಂಬೆ ಇರಬೇಕು ಅಂದುಕೊಂಡಳು.

ಇವತ್ತು ಒಂದು ತೂತಿನ ನಟ್ಟನಡುವೆ
ಹಸಿರು ಚುಕ್ಕೆ. ಒಂದೇ ಒಂದು.
ಅದೂ ಕಲಿತಿದೆ, ನಮ್ಮ ಹಾಗೇ.
ಮೂರನೇ ಬಾಟಲಿಗೆ ಲೇಬಲ್ ಅಂಟಿಸಿ ಮನೆಗೆ ಬಂದರೆ
ಸಲಾಕೆ ಬಾಗಿಲಿಗೆ ಒರಗಿದೆ.
ಹಿತ್ತಲ ತಂತಿಯ ಮೇಲೆ ಅಪ್ಪ
ಕೈಗವಸು ತೊಳೆದು ಹಾಕಿದ್ದಾನೆ,
ಎರಡು ಜೊತೆ.